ಕಾಶಿ ರೈಲಿಗೆ ಆರಿಸಿಟ್ಟ ಪುಸ್ತಕಗಳು

ಮಠದವರ ಗುಂಪಿನೊಂದಿಗೆ ಕಾಶಿಗೆ ಹೊರಡುವ ದಿನ ಗೊತ್ತಾದಾಗಿನಿಂದ ಪುಟ್ಟಬಸಮ್ಮ ಸೀರೆಗಿಂತ ಪುಸ್ತಕದ ಬಗ್ಗೆಯೇ ಹೆಚ್ಚು ಯೋಚಿಸಿದ್ದರು. ಆಸ್ಪತ್ರೆಯಲ್ಲಿ ನರ್ಸಾಗಿದ್ದಷ್ಟು ಕಾಲವೂ ರಾತ್ರಿ ಪಾಳಿಯ ತೂಕಡಿಕೆಯನ್ನು ಪತ್ತೇದಾರಿ ಕಾದಂಬರಿ ಓದಿಯೇ ಓಡಿಸಿದವರು. ನಿವೃತ್ತಿಯಾದ ಮೇಲೆ ಇದೇ ಮೊದಲ ದೂರದ ಪ್ರಯಾಣ. ರೈಲಿನಲ್ಲಿ ಇದ್ದಷ್ಟು ದಿನ ಒಲೆಯಿಲ್ಲ, ಪಾತ್ರೆಯಿಲ್ಲ. ಅಕ್ಷರ ಸಣ್ಣಗಿದ್ದವನ್ನು ಬೋಗಿಯ ಮಂಕು ದೀಪಕ್ಕೆ ಆಗವು ಎಂದು ಬದಿಗಿಟ್ಟರು. ದಪ್ಪಗಿದ್ದವನ್ನು ಮಲಗಿಕೊಂಡು ಹಿಡಿದರೆ ಮಣಿಕಟ್ಟು ನೋಯುತ್ತದೆಂದು ಬಿಟ್ಟರು. ಕೊನೆಗೆ ಮೂರು ಉಳಿದವು. ಅದರಲ್ಲೊಂದನ್ನು ಅರ್ಧ ಓದಿ, ಕೊಲೆಗಾರ ರೈಲಿನಲ್ಲೇ ಸಿಕ್ಕಲಿ ಎಂದು ಬೇಕೆಂದೇ ಮುಚ್ಚಿಟ್ಟಿದ್ದರು.

ಬೆಳಿಗ್ಗೆ ಮೈಸೂರು ಸ್ಟೇಷನ್ನಿನಲ್ಲಿ ನೀರಿನ ಬಾಟಲಿ ಇಡಲು ಚೀಲ ತೆರೆದರೆ, ಒಳಗೆ ಪ್ರವಚನದ ಮೂರು ದಪ್ಪ ಸಂಪುಟಗಳಿದ್ದವು.

"ಇದೇನ್ರೀ?"

ಬೆಂಚಿನಲ್ಲಿ ಕೂತಿದ್ದ ಗಂಡ ಸಿದ್ದಲಿಂಗಸ್ವಾಮಿ ಹಣೆಯ ವಿಭೂತಿ ಸರಿಮಾಡಿಕೊಳ್ಳುತ್ತ, "ನಾನೇ ಇಟ್ಟೆ. ಕಾಶಿಗೆ ಹೋಗ್ತಾ ಕೊಲೆ, ಸುಲಿಗೆ ಓದ್ತಾರೇನೇ? ಬೋಗಿ ತುಂಬ ಮಠದೋರೇ ಇರ್ತಾರೆ. ಏನಂದ್ಕೋತಾರೆ?" ಎಂದರು.

"ನನ್ನ ಪುಸ್ತಕ ಎಲ್ಲಿ?"

"ರದ್ದಿ ಕಟ್ಟಿನ ಜೊತೆ ಇಟ್ಟಿದೀನಿ. ಬಂದ್ಮೇಲೆ ಕೊಟ್ಬುಟ್ರಾಯ್ತು."

ಪುಟ್ಟಬಸಮ್ಮನವರ ಕಿವಿ ಕಾದುಹೋಯಿತು. ಮದುವೆಯಾದ ಹೊಸದರಲ್ಲಿ ಅವರ ಸೀರೆಯ ಬಣ್ಣ ಆರಿಸಿದ್ದೂ ಈ ಮನುಷ್ಯನೇ, ಮಗಳಿಗೆ ಹೆಸರಿಟ್ಟದ್ದೂ ಇವರೇ. ಆಗೆಲ್ಲ ಹೋಗಲಿ ಬಿಡು ಎಂದುಕೊಂಡಿದ್ದರು. ಈಗ ಆ ಮಾತು ಬಾಯಿಗೆ ಬರಲಿಲ್ಲ. ಸಂಪುಟಗಳನ್ನು ಒಂದೊಂದಾಗಿ ತೆಗೆದು ಗಂಡನ ತೊಡೆಯ ಮೇಲೆ ಕುಕ್ಕಿದರು.

"ಇಟ್ಕೊಳ್ಳಿ. ನಾನು ಮನೆಗೆ ಹೋಗಿ ಬರ್ತೀನಿ."

"ಹುಚ್ಚು ಹಿಡೀತೇನೇ? ಟ್ರೈನ್ ಬಿಡೋ ಹೊತ್ತು!"

ಪುಟ್ಟಬಸಮ್ಮ ಆಗಲೇ ಮೇಲ್ಸೇತುವೆಯ ಮೆಟ್ಟಿಲು ಹತ್ತುತ್ತಿದ್ದರು. ಆಟೋದವನು ಕುವೆಂಪುನಗರದ ಮನೆಗೆ ಎಷ್ಟು ಜೋರಾಗಿ ಓಡಿಸಿದರೂ ಅವರಿಗೆ ಸಾಲಲಿಲ್ಲ. ಮಹಡಿ ಮೆಟ್ಟಿಲ ಕೆಳಗಿದ್ದ ರದ್ದಿ ಕಟ್ಟಿನ ಹುರಿ ಬಿಚ್ಚಲಾರದೆ ಹಲ್ಲಿನಲ್ಲಿ ಕಡಿದರು. ಅರ್ಧ ಓದಿದ್ದ ಪುಸ್ತಕದ ಮುಖಪುಟ ಹಳೆಯ ಪೇಪರುಗಳ ನಡುವೆ ಮಡಚಿ ಹರಿದಿತ್ತು. ಅದನ್ನು ಕಂಡು ಖಾಲಿ ಮನೆಯಲ್ಲಿ ಗಟ್ಟಿಯಾಗಿ ಬೈದರು. ಅಂಥ ಮಾತು ಅವರ ಬಾಯಿಂದ ಯಾರೂ ಕೇಳಿರಲಿಲ್ಲ.

ಮತ್ತೆ ಸ್ಟೇಷನ್ ಮುಟ್ಟುವಾಗ ಪ್ಲಾಟ್‌ಫಾರಂ ಖಾಲಿ. ಫೋನ್ ಬಡಿದುಕೊಂಡಿತು.

"ಎಲ್ಲಿದ್ದೀಯೇ? ಎಲ್ಲರೂ ಹತ್ತಿದ್ರು, ನಾನೂ ಹತ್ಬುಟ್ಟೆ. ಗುಂಪಿನ ಊಟದ ಜವಾಬ್ದಾರಿ ನಂದಲ್ವಾ? ಟ್ಯಾಕ್ಸಿ ಮಾಡ್ಕೊಂಡು ಬೆಂಗಳೂರಿಗೆ ಬಂದ್ಬುಡು, ಅಲ್ಲಿ ಸಿಗ್ತೀವಿ."

"ಬರಲ್ಲ."

"ಬರಲ್ವಾ? ಇಲ್ಲಿ ಕೇಳಿದ್ರೆ ನಾನೇನ್ ಹೇಳ್ಲಿ?"

"ಕೊಲೆ ಪುಸ್ತಕ ಓದೋಕೆ ಉಳ್ಕೊಂಡ್ಲು ಅನ್ನಿ. ಯಾಕೆ, ನಾಚಿಕೆನಾ? ನನ್ನ ಚೀಲಕ್ಕೆ ಕೈ ಹಾಕುವಾಗ ಆಗ್ಲಿಲ್ವಾ?"

ಅತ್ತ ಕಡೆಯಿಂದ ಯಾರದೋ ಭಜನೆ ಕೇಳಿಸಿತು. ಸಿದ್ದಲಿಂಗಸ್ವಾಮಿ ದನಿ ತಗ್ಗಿಸಿ, "ಪುಟ್ಟಾ, ತಪ್ಪಾಯ್ತು ಕಣೇ, ಬಾ" ಎಂದರು. ಪುಟ್ಟಬಸಮ್ಮ ಫೋನ್ ಆಫ್ ಮಾಡಿದರು.

ಮನೆಗೆ ಹೋಗಲು ಮನಸ್ಸಾಗಲಿಲ್ಲ. ಜೊತೆಯಲ್ಲಿ ಪಾಳಿ ಮಾಡಿದ್ದ ಚಾಮುಂಡಮ್ಮ ಅರಸೀಕೆರೆಯಲ್ಲಿದ್ದರು. ಬಾ ಬಾ ಎಂದು ಎಷ್ಟು ವರ್ಷದಿಂದಲೋ ಕರೆಯುತ್ತಿದ್ದರು. ಕೌಂಟರಿನಲ್ಲಿ ಒಂದು ಟಿಕೆಟ್ ಕೊಂಡು, ಮುಂದಿನ ರೈಲಿನಲ್ಲಿ ಕಿಟಕಿ ಪಕ್ಕ ಕೂತರು. ಬಟ್ಟೆಬರೆಯೆಲ್ಲ ಕಾಶಿಯ ದಾರಿ ಹಿಡಿದಿತ್ತು. ಕೈಯಲ್ಲಿದ್ದದ್ದು ಪರ್ಸು, ಮೂರು ಪುಸ್ತಕ.

ಕೃಷ್ಣರಾಜನಗರ ಬರುವವರೆಗೂ ಒಂದೇ ಪುಟವನ್ನು ಮತ್ತೆ ಮತ್ತೆ ಓದಿದರು. ಸಿಟ್ಟಿಗೆ ಒಂದು ಸಾಲೂ ತಲೆಗೆ ಹತ್ತಲಿಲ್ಲ. ಎದುರು ಕೂತಿದ್ದ ಹೆಂಗಸು ಕಡಲೆಕಾಯಿ ಸುಲಿಯುತ್ತ, "ಏನ್ ಓದ್ತಿದೀರಿ ಅಕ್ಕಾ, ದೇವರ ಪುಸ್ತಕವಾ?" ಎಂದು ಕೇಳಿದಳು.

"ಅಲ್ಲಮ್ಮ. ಒಬ್ಬ ಗಂಡಸಿನ ಕೊಲೆಯಾಗಿದೆ," ಎಂದು ಪುಟ್ಟಬಸಮ್ಮ ಮುಂದಿನ ಪುಟ ತಿರುಗಿಸಿದರು.