ಮೈಮೇಲೆ ಗೀಚಿದ ಅಳತೆ

ನೀಲವ್ವ ಹಳೆಯ ಸೀರೆಯ ತುಂಡಿನಿಂದ ನನ್ನ ಮೈ ಒರೆಸುತ್ತಿದ್ದಳು. ಎದುರಿಗಿದ್ದ ಗಿರಾಕಿ, ಈ ಕಪ್ಪು ಕಿತ್ತುಬರುತ್ತದೆಯೇ ಎಂದು ಕೇಳಿದ. ಉಗುರಿನಿಂದ ಕೆರೆದು ನೋಡಲು ನನ್ನನ್ನು ಅವನ ಕೈಗೆ ಕೊಟ್ಟಳು.

"ಇದು ಮ್ಯಾಲೆ ಹಚ್ಚಿದ್ದಲ್ರಿ. ಅದರ ಮೈಯಾಗಿಂದನ ಹುಟ್ಟಿದ ತೊಗಲು."

ನಾನು ಅಂಗೈಯಗಲದ ಅಲ್ಯುಮಿನಿಯಂ ಪಟ್ಟಿ. ಬೆಳಗಾವಿಯ ಉದ್ಯಮಬಾಗದಲ್ಲಿ, ಅಲ್ಯುಮಿನಿಯಂಗೆ ಕರೆಂಟಿನಿಂದ ಗಟ್ಟಿ ತೊಗಲು ಬೆಳೆಸುವ ಈ ಆನೋಡೈಸಿಂಗ್ ಶೆಡ್ಡಿನ ಮೊಳೆಗೆ ಮಾದರಿಯಾಗಿ ನೇತುಬಿದ್ದು ಮೂರು ವರ್ಷವಾಗುತ್ತ ಬಂತು. ನನ್ನನ್ನು ಕತ್ತರಿಸಿದವನು ಹತ್ತಿರದ ಪಂಪಿನ ಕಾರ್ಖಾನೆಯಲ್ಲಿ ಲೇಥು ನಡೆಸುತ್ತಿದ್ದ ಟರ್ನರ್ ದಾವಲಸಾಬ. ಪ್ರತಿ ಸಲ ಇಲ್ಲಿಗೆ ಬರುವ ಪಂಪಿನ ಬಿಡಿಭಾಗಗಳ ಜೊತೆ ಅದೇ ಲೋಹದ ಒಂದು ತುಂಡನ್ನೂ ಕಳಿಸುವುದು, ಅದರ ದಪ್ಪ ಅಳೆದು ಮೈಮೇಲೆ ಗೀಚುವುದು ಅವನ ಪದ್ಧತಿ. ನನ್ನ ಮೇಲೆ ಮೂರು ಮಿಲಿಮೀಟರ್ ಎಂದು ಗೀಚಿದ.

ನೀಲವ್ವ ನಮ್ಮನ್ನೆಲ್ಲ ತಂತಿಗೆ ಬಿಗಿದು ಆಮ್ಲದ ತೊಟ್ಟಿಗೆ ಇಳಿಸಿ ಕರೆಂಟು ಹರಿಸಿದಳು. ಇನ್ನೇನು ಎತ್ತಬೇಕು, ಲೈನು ಹೋಯಿತು. ಅರ್ಧಕ್ಕೆ ನಿಂತದ್ದು ಕೆಟ್ಟೀತೆಂದು, ಲೈನು ಬಂದಮೇಲೆ ಗಡಿಯಾರ ನೋಡಿ ಮೊದಲಿನಿಂದ ಎಣಿಸಿದಳು. ನಮ್ಮ ತೊಗಲು ಇಮ್ಮಡಿಯಾಯಿತು. ಅದು ಒಳಕ್ಕೂ ಬೆಳೆಯುತ್ತದೆ, ಹೊರಕ್ಕೂ ಬೆಳೆಯುತ್ತದೆ. ಹಾಗಾಗಿ ಬಿಡಿಭಾಗಗಳ ತೂತುಗಳೆಲ್ಲ ಕಿರಿದಾದವು.

ಕಾರ್ಖಾನೆಯಲ್ಲಿ ಒಂದಕ್ಕೂ ಪಿನ್ನು ಹೋಗಲಿಲ್ಲ. ಕೊರೆದವನದೇ ತಪ್ಪೆಂದು ದಾವಲಸಾಬನನ್ನು ಬಿಡಿಸಿದರು. ಆಮೇಲೆ ಯಾರೂ ಅವನಿಗೆ ಲೇಥು ಮುಟ್ಟಗೊಡಲಿಲ್ಲ. ಈಗ ನಮ್ಮ ರಸ್ತೆಯಲ್ಲೇ ಬಾಳೆಹಣ್ಣಿನ ಗಾಡಿ.

"ಒಂದು ಡಜನ್ ಒಯ್ಯ ನೀಲಕ್ಕಾ," ಎನ್ನುತ್ತಾನೆ. "ಇದಕ್ಕ ಅಳತಿ ಗಿಳತಿ ಬೇಕಿಲ್ಲ."

ತಪ್ಪು ಯಾರದೆಂದು ಅವಳಿಗೆ ತಿಳಿದದ್ದು ಮೂರು ತಿಂಗಳ ಮೇಲೆ. ಇದರಿಂದ ಅಳತೆ ಬದಲಾಗುತ್ತದೆಯೇ ಎಂದು ಗಿರಾಕಿಯೊಬ್ಬ ಕೇಳಿದಾಗ, ಹೊತ್ತು ಹೆಚ್ಚಾದಷ್ಟೂ ಆಗುತ್ತದೆ ಎಂದರು ನಮ್ಮ ಮಾಲಕರು. ನೀಲವ್ವ ನನ್ನ ಮೇಲೆ ಗೀಚಿದ್ದನ್ನು ಬೆರಳಿನಿಂದ ತಡವಿ ನೋಡಿದಳು. ಮರುದಿನ ಪಕ್ಕದ ಶೆಡ್ಡಿನಲ್ಲಿ ನನ್ನನ್ನು ಅಳೆಸಿದಳು. ನಾನು ಇರಬೇಕಾದದ್ದಕ್ಕಿಂತ ದಪ್ಪವಿದ್ದೆ. ಅಲ್ಲಿಂದ ನೇರ ಪಂಪಿನ ಕಾರ್ಖಾನೆಗೆ ಹೋದಳು. ಗೇಟಿನಲ್ಲೇ ತಡೆದ ಮ್ಯಾನೇಜರು, ಬಾಯಿಮಾತು ನಡೆಯುವುದಿಲ್ಲ, ಬರೆದು ಕಳಿಸು ಎಂದ.

ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಬೇರೆಯವರಿಂದ ಬರೆಸಲು ಮನಸ್ಸೊಪ್ಪಲಿಲ್ಲ. ತಪ್ಪು ಮಾಡಿದ ಕೈಯೇ ಬರೆಯಬೇಕು. ಐವತ್ತೆಂಟನೆಯ ವಯಸ್ಸಿನಲ್ಲಿ ಸಂಜೆಶಾಲೆಯ ಬೆಂಚಿನ ಮೇಲೆ ಕೂತಳು. ಎರಡು ವರ್ಷ ತಿದ್ದಿದಳು. ಕಾಗದ ಬರೆದೂ ಆಯಿತು. ಆಮೇಲೆ ತನ್ನ ಕೆಲಸ ಹೋದೀತೆಂಬ ಹೆದರಿಕೆ ಹಿಡಿಯಿತು. ಎಂಟು ತಿಂಗಳು ಆ ಕಾಗದ ಬುತ್ತಿಡಬ್ಬಿಯ ಚೀಲದಲ್ಲೇ ಮಡಿಕೆ ಸವೆಸಿತು.

ಇವತ್ತಿನ ಗಿರಾಕಿ ನನ್ನನ್ನು ಸಾಕಷ್ಟು ಕೆರೆದ. ಅಂಚಿನ ಬಿಳಿಚುಕ್ಕೆ ಯಾಕೆಂದ. ತಂತಿ ಹಿಡಿದ ಜಾಗ, ಅಲ್ಲಿ ತೊಗಲು ಬೆಳೆಯುವುದಿಲ್ಲ ಎಂದಳು. ಕೊನೆಗೆ ಅವನೂ ಅದನ್ನೇ ಕೇಳಿದ: ಅಳತೆ ಬದಲಾಗುತ್ತದೆಯೇ?

ನೀಲವ್ವ ಮಾಲಕರ ಕಡೆ ನೋಡಿದಳು. ಈ ಸಲ ಉತ್ತರವನ್ನು ಅವರಿಗೆ ಬಿಡಲಿಲ್ಲ.

"ಆಗತೈತ್ರಿ. ನನ್ನ ಕೈಯಾಗ ಒಮ್ಮಿ ಆಗೇತಿ. ಅದಕ್ಕ ಒಬ್ಬ ಚಲೋ ಟರ್ನರ್ ಕೆಲಸಾ ಕಳಕೊಂಡಾನ."

ಮಾಲಕರು ಏನೋ ಕೇಳುವಷ್ಟರಲ್ಲಿ ಅವಳು ನನ್ನನ್ನು ಆ ಕಾಗದದಲ್ಲಿ ಸುತ್ತಿ ಲಕೋಟೆಗೆ ಹಾಕಿ ಹೊರಬಿದ್ದಿದ್ದಳು. ಒಳಗೆ ನನಗೆ ಏನೂ ಕಾಣದು, ಕೇಳಿಸುವುದಷ್ಟೇ. ಬಾಳೆಹಣ್ಣಿನ ಗಾಡಿಯ ಕಡೆಯಿಂದ ದನಿ ಬಂತು.

"ಎಲ್ಲಿಗಿ ಹೊಂಟಿ ನೀಲಕ್ಕಾ?"

"ನಿನ್ನ ಅಳತಿ ಮುಟ್ಟಸಾಕ."

ಮೊಳೆಗೆ ನೇತುಬಿದ್ದು ಎಷ್ಟೋ ಜನರ ಪ್ರಶ್ನೆಗೆ ಉತ್ತರವಾದೆ. ಬಣ್ಣ ಮಾಸಲಿಲ್ಲ, ತೊಗಲು ಏಳಲಿಲ್ಲ. ಅದರ ಕೆಳಗೆ ದಾವಲಸಾಬ ಗೀಚಿದ್ದು ಇನ್ನೂ ಹಾಗೇ ಇದೆ. ಓದುವವರ ಕೈಗೆ ಸಿಕ್ಕರೆ ಸಾಕು.

ಅಂಚೆಕಚೇರಿಯವರು ಪಂಪಿನ ಕಾರ್ಖಾನೆಯ ವಿಳಾಸ ಓದಿಕೊಂಡು ತೂಗಿದರು. ಒಳಗೆ ಏನಿದೆ ಎಂದು ಕೇಳಿದರು. ಕಾಗದ ಎಂದಳು ನೀಲವ್ವ. ಮುದ್ರೆ ನನ್ನ ಬೆನ್ನ ಮೇಲೆ ಠಪ್ಪೆಂದು ಬಿತ್ತು.