ಅಕ್ಕ ಹಾಕಿದ ಕಾಜಾ

ಕನ್ನಡಕದ ಅಂಗಡಿಯವನನ್ನು ಬೀದಿಯವರೆಲ್ಲ ಮಾತಿನಮಲ್ಲ ಎಂದೇ ಕರೆಯುತ್ತಿದ್ದರು. ಅವನಿಗೆ ಅದರಿಂದ ಬೇಸರವೇನಿಲ್ಲ, ಬಿರುದು ಸಿಕ್ಕಷ್ಟು ಖುಷಿ. ಬಂದವರು ಕುರ್ಚಿಯಲ್ಲಿ ಕೂತು ಬಾಯಿ ತೆರೆಯುವುದೇ ತಡ, ಉಳಿದರ್ಧ ಮಾತನ್ನು ಅವನೇ ಹೇಳಿ ಮುಗಿಸುತ್ತಿದ್ದ. "ಓದುವಾಗ ಸ್ವಲ್ಪ..." ಎಂದರೆ, "ತಲೆನೋವು, ಗೊತ್ತಾಯ್ತು ಬಿಡಿ" ಎನ್ನುವನು. ಹೆಚ್ಚಿನ ಸಲ ಅದು ಸರಿಯೂ ಇರುತ್ತಿತ್ತು. ಅವನನ್ನು ಹಾಳುಮಾಡಿದ್ದೇ ಅದು. ಗಂಡ ಹೆಂಡಿರ ಜಗಳಕ್ಕೂ ಮಕ್ಕಳ ಹಟಕ್ಕೂ ಅವನ ಬಳಿ ಬುದ್ಧಿಮಾತು ಸಿದ್ಧವಾಗಿತ್ತು. "ನಾಲ್ಕು ಜನರ ಹತ್ರ ನಗುನಗ್ತಾ ಮಾತಾಡಿ, ಬದುಕು ತಾನಾಗೇ ಸರಿಹೋಗುತ್ತೆ" ಎಂದು ಲೆನ್ಸ್ ಒರೆಸುತ್ತಾ ಹೇಳುತ್ತಿದ್ದ. ಜನ ತಲೆದೂಗುತ್ತಿದ್ದರು. ಪಾಪ, ಇನ್ನೇನು ಮಾಡಿಯಾರು, ಮಾತಾಡಲು ಅವರಿಗೆ ಸಂದಿಯೇ ಸಿಗುತ್ತಿರಲಿಲ್ಲ.

ಆ ಭಾನುವಾರ ಅವನ ಮನೆಗೆ ಬೀಗರು ಊಟಕ್ಕೆ ಬಂದಿದ್ದರು. ಮಗಳ ಮದುವೆ ಗೊತ್ತಾದ ಮೇಲೆ ಇದೇ ಮೊದಲ ಸಲ. ಮಾತಿನಮಲ್ಲ ಹೊಸ ಅಂಗಿ ತೊಟ್ಟು ನಡುಮನೆಯಲ್ಲಿ ವಿರಾಜಮಾನನಾಗಿದ್ದ. ಅಂಗಿ ಹೊಲಿದವನು ಬೀದಿಯ ದರ್ಜಿ. ಗುಂಡಿ ತೂರಿಸುವ ತೂತುಗಳ ಸುತ್ತ ಕೈಹೊಲಿಗೆ ಹಾಕಿ ಕಾಜಾ ಮಾಡಿಕೊಟ್ಟವಳು ಅವನ ಅಕ್ಕ. ಮದುವೆಯಾಗದೆ ತಮ್ಮನ ಮನೆಯಲ್ಲೇ ಉಳಿದ ಅಕ್ಕ ಸಿದ್ಧ ಉಡುಪಿನ ಅಂಗಡಿಗಳಿಗೆ ಕಾಜಾ ಹಾಕಿ ಗಳಿಸಿದ ದುಡ್ಡಿನಲ್ಲೇ ಅವನಿಗೆ ಈ ಕನ್ನಡಕದ ಕೆಲಸ ಕಲಿಸಿದ್ದಳು. ಈಚೆಗೆ ಆ ಅಂಗಡಿಗಳು ಅವಳಿಗೆ ಕೆಲಸ ಕೊಡುವುದನ್ನು ನಿಲ್ಲಿಸಿದ್ದವು. ಯಾಕೆ ಎಂದು ತಮ್ಮ ಕೇಳಿರಲಿಲ್ಲ. ಅಕ್ಕನಿಗೆ ಸೋಮಾರಿತನ ಬಂದಿದೆ ಎಂದು ತಾನೇ ತೀರ್ಮಾನಿಸಿದ್ದ.

"ಅಂಗಿ ಚೆನ್ನಾಗಿದೆ" ಎಂದರು ಬೀಗರು.

"ದೂರದಿಂದ ಚೆನ್ನಾಗಿದೆ, ಹತ್ರ ಬಂದು ನೋಡಿ" ಎಂದು ಅವನು ಎದೆಯುಬ್ಬಿಸಿ ತೋರಿಸಿದ. "ನಮ್ಮಕ್ಕನ ಕೈಚಳಕ. ಒಂದು ಕಾಜಾ ಈ ಕಡೆ ನೋಡಿದ್ರೆ ಇನ್ನೊಂದು ಆ ಕಡೆ ಮುಖ ತಿರುಗಿಸಿದೆ, ಜಗಳ ಆಡಿದ ಓರಗಿತ್ತಿಯರ ಹಾಗೆ. ಮೊದಲು ಇವಳ ಕಾಜಾ ಅಂದ್ರೆ ಅಂಗಡಿಯವರು ಮನೆಬಾಗಿಲಿಗೇ ಬರೋರು. ಈಗ ಕೈ ಹೊಲಿಯುತ್ತೆ, ಮನಸ್ಸು ನಿದ್ದೆ ಹೊಡೆಯುತ್ತೆ."

ಬೀಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಬೀಗಿತ್ತಿ ಸೆರಗು ಬಾಯಿಗೊತ್ತಿಕೊಂಡರು. "ಅಪ್ಪಾ, ಸಾಕು" ಎಂದಳು ಮಗಳು, ಮೆಲ್ಲಗೆ. ಅಕ್ಕನೂ ನಕ್ಕಳು. ಎಲ್ಲರ ಲೋಟಕ್ಕೆ ನೀರು ತುಂಬಿಸಿ ಅಡುಗೆಮನೆಗೆ ಹೋದಳು.

ಊಟವಾಗಿ ಸ್ವಲ್ಪ ಹೊತ್ತಿನ ಮೇಲೆ ಕಾಫಿಗೆ ಹೇಳಲು ಅವನು ಒಳಗೆ ಬಂದ. ಅಕ್ಕ ಕಿಟಕಿಯ ಬಳಿ ನಿಂತಿದ್ದಳು. ಕನ್ನಡಕವನ್ನು ಹಣೆಗೇರಿಸಿ, ಬಿಸ್ಕತ್ತಿನ ಪೊಟ್ಟಣವನ್ನು ಕೈಯಳತೆಯ ದೂರಕ್ಕೆ ಹಿಡಿದು, ಅದರ ಮೇಲಿನ ತಾರೀಖು ಓದಲು ಹೆಣಗುತ್ತಿದ್ದಳು.

"ಓದೋವಾಗ ಕನ್ನಡಕ ಯಾಕೆ ತೆಗೆದೆ?"

"ಹಾಕ್ಕೊಂಡ್ರೆ..."

"ಆವಿ ಕೂರುತ್ತೆ ಅಲ್ವಾ, ಅಡುಗೆಮನೆ ಅಂದ್ರೆ ಅಷ್ಟೇ."

"ಹೂಂ, ಆವಿ" ಎಂದಳು ಅಕ್ಕ.

ಅವನು ಹೊಸಿಲು ದಾಟಿದ. ಅಲ್ಲೇ ಕಾಲು ನಿಂತಿತು. ತಿರುಗಿ ನೋಡಿದ. ಒಲೆ ಹಚ್ಚಿರಲಿಲ್ಲ. ತೊಳೆದ ಪಾತ್ರೆಗಳೆಲ್ಲ ಬೋರಲು ಬಿದ್ದಿದ್ದವು. ಆವಿ ಎಲ್ಲಿಂದ ಬರಬೇಕು?

ಅವನು ಮಾತಿಲ್ಲದೆ ಹಿಂದಿರುಗಿ ಅಕ್ಕನ ಹಣೆಯ ಮೇಲಿದ್ದ ಕನ್ನಡಕವನ್ನು ತೆಗೆದು ಪೊಟ್ಟಣದ ಅಕ್ಷರಗಳ ಮೇಲೆ ಹಿಡಿದು ನೋಡಿದ. ಅಷ್ಟೇ ಸಾಕಾಯಿತು. ಅಕ್ಕನ ಕಣ್ಣಿಗೆ ಇರಬೇಕಾದ ನಂಬರೇ ಅದಲ್ಲ.

"ಯಾವತ್ತಿಂದ ಹೀಗೆ?"

"ಮೊದಲ ದಿನದಿಂದ."

"ಹೇಳಬಾರದಾಗಿತ್ತಾ?"

"ಹೇಳೋಕೆ ಬಂದಿದ್ದೆ" ಎಂದಳು ಅಕ್ಕ. ಅವಳ ದನಿಯಲ್ಲಿ ದೂರಿನ ಸುಳಿವೂ ಇರಲಿಲ್ಲ.

ಅವನಿಗೆ ಎಲ್ಲ ನೆನಪಾಯಿತು. ಎರಡು ವರ್ಷದ ಹಿಂದೆ, ಗಿರಾಕಿಗಳಿಂದ ಗಿಜಿಗುಡುತ್ತಿದ್ದ ಅಂಗಡಿಯಲ್ಲಿ ಅಕ್ಕನನ್ನು ಕುರ್ಚಿಗೆ ಕೂರಿಸಿ ಪರೀಕ್ಷೆಯ ಚೌಕಟ್ಟಿಗೆ ಲೆನ್ಸ್ ತೂರಿಸಿ, "ಇದು ಚೆನ್ನಾಗಿ ಕಾಣುತ್ತೆ ಅಲ್ವಾ" ಎಂದಿದ್ದ. ಅಕ್ಕ "ಆದ್ರೆ..." ಎಂದಿದ್ದಳು. "ಆದ್ರೆ ಅಭ್ಯಾಸ ಆಗೋಕೆ ನಾಲ್ಕು ದಿನ ಬೇಕು, ಅಷ್ಟೇ ತಾನೇ" ಎಂದು ಅವಳ ಬಾಯಿಂದ ಮಾತು ಕಸಿದು, ಪಕ್ಕದವರ ಕಡೆ ಕಣ್ಣು ಮಿಟುಕಿಸಿದ್ದ. ಆಮೇಲೂ ಅವಳು ಬಂದಿದ್ದಳು. ಆಗಲೂ ಉಳಿದರ್ಧವನ್ನು ಇವನೇ ತುಂಬಿ ಕಳಿಸಿದ್ದ.

"ಬೇರೆ ಅಂಗಡಿಗಾದ್ರೂ ಹೋಗಬಾರದಾ ಅಕ್ಕ?"

"ತಮ್ಮನದೇ ಕನ್ನಡಕದ ಅಂಗಡಿ ಇರೋವಾಗ ನಾನು ಇನ್ನೊಬ್ಬರ ಅಂಗಡಿ ಮೆಟ್ಟಿಲು ಹತ್ತಿದ್ರೆ, ನೋಡಿದವರು ನಿನ್ನ ಬಗ್ಗೆ ಏನಂದಾರು?"

ಅವನಿಗೆ ಭೂಮಿ ಬಾಯ್ಬಿಟ್ಟು ನುಂಗಬಾರದೇ ಎನ್ನಿಸಿತು. ತನ್ನ ಮಾನ ಕಾಯಲು ಅಕ್ಕ ಅನ್ನದ ಕೆಲಸವನ್ನೇ ಕಳೆದುಕೊಂಡಿದ್ದಳು. ಅವಳ ಮಾನವನ್ನು ತಾನು ಬೀಗರ ಎದುರು ಎದೆಯುಬ್ಬಿಸಿ ಹರಾಜು ಹಾಕಿದ್ದ. ನಡುಮನೆಯಿಂದ ಬೀಗರ ನಗು ಇನ್ನೂ ಕೇಳುತ್ತಿತ್ತು.

ಬೀಗರನ್ನು ಕಳಿಸಿಕೊಟ್ಟವನೇ ಅಕ್ಕನನ್ನು ಅಂಗಡಿಗೆ ಕರೆದೊಯ್ದ. ಭಾನುವಾರವಾದ್ದರಿಂದ ಬಾಗಿಲು ಅರ್ಧವೇ ಎತ್ತಿದ್ದ. ಅಕ್ಕನ ಮೂಗಿನ ಮೇಲೆ ಪರೀಕ್ಷೆಯ ಭಾರದ ಚೌಕಟ್ಟು ಕೂರಿಸಿ, ಕೈಗೆ ಅಕ್ಷರದ ಕಾರ್ಡು ಕೊಟ್ಟು, ಒಂದು ಲೆನ್ಸ್ ಹಾಕಿದ, ತೆಗೆದು ಇನ್ನೊಂದು ಹಾಕಿದ. "ಮೊದಲನೇದೋ, ಇದೋ?" ಎಂದು ಕೇಳಿ ಬಾಯಿಗೆ ಬೀಗ ಹಾಕಿಕೊಂಡ.

"ಇದ್ರಲ್ಲಿ..." ಎಂದು ಅಕ್ಕ ನಿಲ್ಲಿಸಿದಳು. ನಿಲ್ಲಿಸಿ ಅವನ ಮುಖ ನೋಡಿದಳು.

ಅವನಿಗೆ ತಕ್ಷಣ ತಿಳಿಯಲಿಲ್ಲ. ಆಮೇಲೆ ಹೊಳೆಯಿತು. ಉಳಿದದ್ದನ್ನು ಅವನೇ ಹೇಳಲಿ ಎಂದು ಅವಳು ಕಾಯುತ್ತಿದ್ದಳು. ಇಷ್ಟು ವರ್ಷ ಅವನು ಅಭ್ಯಾಸ ಮಾಡಿಸಿದ್ದು ಅದನ್ನೇ.

"ನೀನೇ ಹೇಳಲ್ವಾ?" ಎಂದಳು ಅಕ್ಕ, ಸ್ವಲ್ಪ ಗಾಬರಿಯಿಂದ.

"ಇಲ್ಲ. ನೀನು ಹೇಳು."

ಅಕ್ಕ ಯೋಚಿಸಿದಳು. ಬಹಳ ಹೊತ್ತು ಹಿಡಿಯಿತು. ಅವನ ನಾಲಿಗೆ ತುದಿಯಲ್ಲಿ ಎಷ್ಟೋ ಮಾತು ಬಂದು ಕೂತವು. ನಾಲಿಗೆ ಕಚ್ಚಿ ಹಿಡಿದ. "ಇದ್ರಲ್ಲಿ ಇನ್ನೂ ಮಸುಕು" ಎಂದಳು ಕೊನೆಗೆ. ಅವನು ಬೇರೆ ಲೆನ್ಸ್ ಹಾಕಿದ, ಮತ್ತೆ ಕಾದ. ಹಾಗೇ ಮಾಡುತ್ತಾ ಮಾಡುತ್ತಾ ಅಕ್ಕ ಕಾರ್ಡಿನ ಕೊನೆಯ ಸಾಲಿನ ಸಣ್ಣಕ್ಷರವನ್ನೂ ತಡವರಿಸದೆ ಓದಿದಳು. ಅವಳ ಮುಖ ಅರಳಿತು.

ಚೌಕಟ್ಟು ಸರಿಪಡಿಸಲು ಅವನು ಬಾಗಿದ. ಬೆಳಗಿನ ಅಂಗಿಯನ್ನೇ ತೊಟ್ಟಿದ್ದ. ಅದು ಅಕ್ಕನ ಕಣ್ಣೆದುರಿಗೇ ಬಂತು. ಅವಳು ಮೊದಲ ಕಾಜಾದ ಮೇಲೆ ಬೆರಳಿಟ್ಟಳು, ಆಮೇಲೆ ಕೆಳಗಿನದರ ಮೇಲೆ. ಜಗ್ಗಿದ ದಾರವನ್ನು ಉಗುರಿನಿಂದ ಸವರಿದಳು. ಅರಳಿದ್ದ ಮುಖ ಬಾಡಿತು.

"ಇದನ್ನ ಹಾಕಿದ್ದು ನಾನೇನಾ?"

ಅವನು ಅಂಗೈಯಿಂದ ಗುಂಡಿಗಳ ಸಾಲನ್ನು ಮುಚ್ಚಿಕೊಂಡ.

"ಅವರು ನಕ್ಕಿದ್ದು ಸರಿಯಾಗೇ ಇದೆ ಬಿಡು. ಇದನ್ನ ತೊಟ್ಕೊಂಡು ಬೀಗರ ಮುಂದೆ ಕೂತಿದ್ಯಲ್ಲೋ. ನನ್ನಿಂದ ನಿನಗೆ ಎಷ್ಟು ನಾಚಿಕೆ ಆಯ್ತೋ ಏನೋ."

"ಅಲ್ಲ ಅಕ್ಕ, ನಾನು..." ಎಂದ ಅವನು. ಬೀದಿಯವರ ಮಾತನ್ನೆಲ್ಲ ಮುಗಿಸಿಕೊಟ್ಟವನಿಗೆ ತನ್ನದೊಂದು ಮಾತು ಮುಗಿಸಲು ಆಗಲಿಲ್ಲ.

ಅಕ್ಕ ನಡುವೆ ಬಾಯಿ ಹಾಕಲಿಲ್ಲ. ಆ ಭಾರದ ಚೌಕಟ್ಟಿನೊಳಗಿಂದ ಅವನನ್ನೇ ನೋಡುತ್ತಾ, ಅವನು ಹೇಳಿ ಮುಗಿಸಲಿ ಎಂದು ಕಾಯುತ್ತಾ ಕೂತಳು.