ಬಿಸಿಯಾಗದ ರೇಡಿಯೊ

ನಸೀಮಾ ಮದುವೆಯಾಗಿ ಭದ್ರಾವತಿಗೆ ಬಂದಾಗ ಅವಳ ಜೊತೆ ಒಂದು ರೇಡಿಯೊ ಬಂದಿತ್ತು. ಅದು ಅಂಗಡಿಯಲ್ಲಿ ಕೊಂಡದ್ದಲ್ಲ. ಶಿವಮೊಗ್ಗದ ಗಾಂಧಿ ಬಜಾರಿನ ಹಿಂದಿನ ಓಣಿಯಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದ ಅವಳ ತಂದೆ ಜಲೀಲ್ ಸಾಹೇಬರು ತೇಗದ ಪೆಟ್ಟಿಗೆಯೊಳಗೆ ಗಾಜಿನ ಬುರುಡೆಯಂಥ ವಾಲ್ವುಗಳನ್ನು ಒಂದೊಂದಾಗಿ ಕೂರಿಸಿ ಕಟ್ಟಿದ್ದು. ಅದರ ಬೆಸುಗೆಯಲ್ಲಿ ಅರ್ಧಕ್ಕರ್ಧ ನಸೀಮಾಳದೇ ಕೈ. ಮದುವೆಯ ಮಾತು ಬರುವವರೆಗೂ ಅವಳು ಅಂಗಡಿಯ ಪರದೆಯ ಹಿಂದೆ ಕೂತು ತಂದೆಗೆ ಕೆಲಸ ಮಾಡಿಕೊಡುತ್ತಿದ್ದಳು. ತಂದೆ ತೀರಿಕೊಂಡ ಮೇಲೆ ಅಂಗಡಿ ತಮ್ಮ ಸಮೀವುಲ್ಲಾನದಾಯಿತು. ಅವಳಿಗೆ ಉಳಿದದ್ದು ರೇಡಿಯೊ.

ಗಂಡ ವಜೀರ್ ಕಾಗದದ ಕಾರ್ಖಾನೆಗೆ ಬಿದಿರು ಸಾಗಿಸುವ ಲಾರಿಯ ಡ್ರೈವರ್. ಅವನು ಕಾಡಿನ ಕಡೆ ಹೋದ ಮಧ್ಯಾಹ್ನಗಳಲ್ಲಿ ಕಾಗದನಗರದ ಆ ಮನೆಸಾಲಿನ ಹೆಂಗಸರೆಲ್ಲ ಅವಳ ನಡುಮನೆಯಲ್ಲಿ ಸೇರುತ್ತಿದ್ದರು. ಪಕ್ಕದ ಮನೆಯ ಲಿಂಗಮ್ಮ ಬಿಡಿಸಬೇಕಾದ ಅವರೆಕಾಯಿಯ ಸಮೇತ ಬರುತ್ತಿದ್ದಳು. ಗುಂಡಿ ತಿರುಗಿಸಿದ ತಕ್ಷಣ ರೇಡಿಯೊ ಮಾತಾಡುತ್ತಿರಲಿಲ್ಲ. ವಾಲ್ವು ಕಾಯಬೇಕು, ಒಳಗೆ ಕೆಂಪಗಾಗಬೇಕು, ಆಮೇಲೆ ದನಿ. ಅಷ್ಟರೊಳಗೆ ಸಾಲಿನ ಸುದ್ದಿಯೆಲ್ಲ ಒಂದು ಸುತ್ತು ಮುಗಿದಿರುತ್ತಿತ್ತು. ಭದ್ರಾವತಿಗೇ ಆಕಾಶವಾಣಿ ಕೇಂದ್ರ ಬಂದ ವರ್ಷವಂತೂ ಕೂರಲು ಜಾಗ ಸಾಲುತ್ತಿರಲಿಲ್ಲ.

ಅದೇ ವರ್ಷ ಒಂದು ಸಂಜೆ ಅವಳು ಸಂತೆಯಿಂದ ಬಂದರೆ ರೇಡಿಯೊ ಇಡುತ್ತಿದ್ದ ಮೇಜು ಬರಿದಾಗಿತ್ತು. ವಜೀರ್ ಚರ್ಮದ ಚೀಲ ತೊಡಿಸಿದ ಪುಟ್ಟ ಟ್ರಾನ್ಸಿಸ್ಟರನ್ನು ಕಿವಿಗೆ ಹಿಡಿದು ನಿಂತಿದ್ದ.

“ಅಬ್ಬಾನ ರೇಡಿಯೊ ಎಲ್ಲಿ?”

“ನಿನ್ನ ತಮ್ಮನಿಗೇ ಕೊಟ್ಟೆ, ಬದಲಿಗೆ ಇದನ್ನ ಕೊಟ್ಟ. ಕರೆಂಟು ಬೇಡ, ಸೆಲ್ಲು ಸಾಕು. ಲಾರೀಲಿ ಇಟ್ಕೊಂಡು ಹೋಗ್ತೀನಿ.”

“ಅದು ನಂದು.”

“ಮನೇಲಿರೋದೆಲ್ಲ ನಿಂದೇ ಅಲ್ವಾ? ಇದೂ ನಿಂದೇ,” ಎಂದ ವಜೀರ್. ಬೆಳಗಾದ ಮೇಲೆ ಅದನ್ನು ಹೆಗಲಿಗೇರಿಸಿಕೊಂಡು ಹೊರಟುಹೋದ.

ನಸೀಮಾ ಶಿವಮೊಗ್ಗದ ಬಸ್ಸು ಹತ್ತಿದಳು. ತೇಗದ ಪೆಟ್ಟಿಗೆ ಅಂಗಡಿಯ ಮೂಲೆಯಲ್ಲಿತ್ತು. ಸಮೀವುಲ್ಲಾ ಅದರೊಳಗೆ ಹಳೆಯ ವೈರು ತುರುಕಿಟ್ಟಿದ್ದ.

“ಚೆನ್ನಾಗಿದ್ದ ವಾಲ್ವುಗಳನ್ನ ಬೇರೆ ರೇಡಿಯೊಗಳಿಗೆ ಹಾಕಿದೆ ಆಪಾ,” ಎಂದ. “ಇನ್ನು ಅದನ್ನೆಲ್ಲ ಯಾರು ಕೇಳ್ತಾರೆ?”

ಅಕ್ಕನ ಮುಖ ನೋಡಿ ಸಮಾಧಾನ ಮಾಡಬೇಕೆನಿಸಿತೋ, ತನ್ನ ಹೊಸ ವಿದ್ಯೆ ತೋರಿಸಬೇಕೆನಿಸಿತೋ, ಕಡಲೆಕಾಳಿನಷ್ಟು ಸಣ್ಣದೊಂದನ್ನು ಅವಳ ಅಂಗೈಯಲ್ಲಿಟ್ಟ. ಅದಕ್ಕೆ ತಂತಿಯ ಮೂರು ಕಾಲು.

“ಇದೇ ಟ್ರಾನ್ಸಿಸ್ಟರು. ಜನ ಇಡೀ ರೇಡಿಯೊಗೇ ಆ ಹೆಸರು ಹೇಳ್ತಾರೆ. ಒಳಗೆ ಜರ್ಮೇನಿಯಂ ಅನ್ನೋ ಹರಳಿನ ಚೂರಿದೆ. ನಡುವಿನ ಕಾಲಿಗೆ ಚೂರೇ ಚೂರು ಕರೆಂಟು ಕೊಟ್ರೆ, ಉಳಿದೆರಡು ಕಾಲುಗಳ ನಡುವೆ ಜಾಸ್ತಿ ಕರೆಂಟು ಹರಿಯುತ್ತೆ. ಗಾಜನೂರು ಡ್ಯಾಮಿನ ಗೇಟು ನೋಡಿದ್ದೀಯಲ್ಲ? ತಿರುಗಿಸೋ ಕೈಗೆ ಎಷ್ಟು ಬಲ, ಹರಿಯೋ ನೀರಿಗೆ ಎಷ್ಟು ಬಲ? ಗಾಳೀಲಿ ಬರೋ ಸಣ್ಣ ಸಿಗ್ನಲ್ಲೇ ಆ ಕೈ. ಅದು ಹೇಗೆ ಏರಿಳಿಯುತ್ತೋ ದೊಡ್ಡ ಕರೆಂಟೂ ಹಾಗೇ ಏರಿಳಿಯುತ್ತೆ. ಸ್ಪೀಕರಲ್ಲಿ ಗಟ್ಟಿಯಾಗಿ ಕೇಳುತ್ತೆ.”

“ವಾಲ್ವಿನೊಳಗಿನ ತಂತಿ ಜಾಲರಿನೂ ಇದೇ ಕೆಲಸ ಮಾಡ್ತಿತ್ತು,” ಎಂದಳು ನಸೀಮಾ.

“ಹೂಂ, ಆದ್ರೆ ಅದನ್ನ ಕಾಯಿಸಬೇಕು. ಗಾಜಿನ ಬುರುಡೆ ಬೇಕು, ಒಳಗೆ ಗಾಳಿ ಇರಬಾರದು. ಇದು ಕಾಯೋದೇ ಬೇಡ, ಅದಕ್ಕೇ ಸೆಲ್ಲು ಸಾಕಾಗೋದು. ಲೆಕ್ಕ ಮಾಡೋ ದೊಡ್ಡ ಮಿಷಿನ್ನುಗಳನ್ನೂ ಈಗ ಇದರಲ್ಲೇ ಮಾಡ್ತಾರಂತೆ. ಮುಂದೆ ಎಲ್ಲ ಇದೇ ಆಪಾ.”

ಜಗಳವಾಡಲು ಬಂದವಳಿಗೆ ಆ ಕಾಳಿನಷ್ಟು ವಸ್ತು ಇಷ್ಟವಾಗಿಬಿಟ್ಟಿತು. ಇಷ್ಟವಾಯಿತಲ್ಲ ಎಂದು ತನ್ನ ಮೇಲೇ ಬೇಸರವೂ ಆಯಿತು.

“ನನಗೂ ಕಲಿಸು ಸಮೀ. ಮನೇಲೇ ಕೂತು ಜೋಡಿಸಿ ಕಳಿಸ್ತೀನಿ.”

ಅವನು ನಕ್ಕ. “ಅಬ್ಬಾಗೆ ಆಳು ಸಿಗ್ತಿರಲಿಲ್ಲ, ಅದಕ್ಕೆ ನಿನ್ನ ಕೂರಿಸ್ಕೊಳ್ತಿದ್ರು. ಈಗ ಭಾವ ಏನಂತಾರೆ? ಚಾ ತರಿಸ್ತೀನಿ, ಕುಡಿದು ಹೋಗು.”

ಅವಳು ಆ ಸಣ್ಣದನ್ನು ಮೇಜಿನ ಮೇಲಿಟ್ಟು ಎದ್ದಳು. ಚಾ ಬರುವವರೆಗೆ ನಿಲ್ಲಲಿಲ್ಲ.

ಮಧ್ಯಾಹ್ನದ ಹೊತ್ತು ನಡುಮನೆಗೆ ಬರುವವರು ಒಬ್ಬೊಬ್ಬರಾಗಿ ಕಡಿಮೆಯಾದರು. ಲಿಂಗಮ್ಮ ಮಾತ್ರ ಬರುತ್ತಿದ್ದಳು. ವಜೀರ್ ಮನೆಯಲ್ಲಿದ್ದ ದಿನ ರೇಡಿಯೊ ಅವನ ಕಿವಿಯ ಪಕ್ಕ, ಕಾಡಿಗೆ ಹೋದ ದಿನ ಅದೂ ಕಾಡಿಗೆ.

ಮಳೆಗಾಲ ಕಳೆದ ಮೇಲೆ ಒಂದು ದಿನ ಅದು ಬಾಯಿ ಕಟ್ಟಿತು. ವಜೀರ್ ಸೆಲ್ಲು ಬದಲಾಯಿಸಿದ, ತಟ್ಟಿದ, ಕೊನೆಗೆ ತಂದು ಅವಳ ಮುಂದಿಟ್ಟ.

“ನೀನೇ ನೋಡು. ನಿಮ್ಮಪ್ಪನ ಜೊತೆ ಕೂತವಳಲ್ವಾ?”

ಹೊಸಿಲಲ್ಲಿ ಕೂತಿದ್ದ ಲಿಂಗಮ್ಮನ ಮುಖ ಅರಳಿತು. “ನೋಡೇ ಮಾರಾಯ್ತಿ. ನಾವೂ ಕೇಳಿ ಎಷ್ಟು ದಿನ ಆಯ್ತು.”

ನಸೀಮಾ ಹಿಂದಿನ ಮುಚ್ಚಳ ಬಿಚ್ಚಿದಳು. ಸೆಲ್ಲಿನಿಂದ ಹೋಗುವ ಕೆಂಪು ತಂತಿಯ ಬೆಸುಗೆ ಬಿಟ್ಟು ತುದಿ ಜೋತಾಡುತ್ತಿತ್ತು. ಅವಳು ಅದನ್ನು ಕಂಡಳು. ಒಲೆಯಲ್ಲಿ ಒಂದು ಕಬ್ಬಿಣದ ಕಡ್ಡಿ ಕಾಯಿಸಿ ಮುಟ್ಟಿಸಿದ್ದರೆ ಮುಗಿಯುವ ಕೆಲಸ. ಕಲಿಸು ಎಂದಾಗ ತಮ್ಮ ನಕ್ಕದ್ದು ನೆನಪಾಯಿತು.

“ಇದು ನನಗೆ ಬರೋದಿಲ್ಲ,” ಎಂದು ಮುಚ್ಚಳ ಹಾಕಿದಳು.

ಇನ್ನೊಂದು ಸಲ ನೋಡು ಎಂದಾನೆಂದು ಕಾದಳು. ವಜೀರ್ ಅನ್ನಲಿಲ್ಲ. “ಅದೂ ಸರಿ, ಹೆಂಗಸರಿಗೆ ಎಲ್ಲಿಂದ ಬರಬೇಕು,” ಎಂದು ಸಲೀಸಾಗಿ ನಂಬಿ, ರಿಪೇರಿಗೆಂದು ಶಿವಮೊಗ್ಗಕ್ಕೆ ಹೊರಡಲು ಅಂಗಿ ಹುಡುಕತೊಡಗಿದ. ಲಿಂಗಮ್ಮ ಸೆರಗು ಕೊಡವಿಕೊಂಡು ಎದ್ದಳು. ನಸೀಮಾ ಗೂಟದಿಂದ ಅಂಗಿ ತೆಗೆದು ಗಂಡನ ಕೈಗೆ ಕೊಟ್ಟಳು.